ವಿಲ್ಕಿನ್ಸನ್, ಕಾರ್ಟರ್, ಓಗಾರ: ಮೂವರು ಹತ್ತನೇ ನಂಬರಿನವರಲ್ಲಿ ಯಾರಿಂದ ಶುರು ಮಾಡೋದು?

2025ರ ಜೂನ್‌ನಲ್ಲಿ ಮುಂಬೈಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮೂರ ಹೆಸರಿನ ತಂಡವೂ ಇತ್ತು. ಅದನ್ನು ನೋಡಿದ ಮೇಲೆ ನನ್ನ ಕ್ರಿಕೆಟ್ ಗೆಳೆಯರಲ್ಲಿ ಕೆಲವರಿಗೆ ರಗ್ಬಿ ರುಚಿ ಹತ್ತಿತು. ಈಗ ಅವರದ್ದು ಒಂದೇ ಪ್ರಶ್ನೆ: "ಹಳೇ ದೊಡ್ಡ ಆಟಗಾರರಲ್ಲಿ ಒಬ್ಬನನ್ನ ಹಿಡ್ಕೊಂಡು ಶುರುವಿಂದ ಕೊನೆವರೆಗೂ ನೋಡ್ಬೇಕು. ಯಾರನ್ನ ಹಿಡೀಲಿ?"

ಪ್ರಶ್ನೆ ಸರಿಯಾಗಿಯೇ ಇದೆ. ಮುಂಬೈಯಲ್ಲಿ ಆಡಿದ್ದು ಏಳೇಳು ಜನರ ಆಟ. ನಾನು ಇಲ್ಲಿ ಹೇಳೋದು ಹದಿನೈದು ಹದಿನೈದು ಜನರ ರಗ್ಬಿ ಯೂನಿಯನ್, 80 ನಿಮಿಷ. ಮೂವತ್ತು ಜನರನ್ನು ಒಟ್ಟಿಗೆ ನೋಡೋಕೆ ಹೋದರೆ ಜಾತ್ರೆಯ ನೂಕುನುಗ್ಗಲಷ್ಟೇ ಕಾಣಿಸುತ್ತದೆ. ಒಬ್ಬನ ಬೆನ್ನು ಹತ್ತಿದರೆ ಆಟ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆ ಒಬ್ಬ ಹತ್ತನೇ ನಂಬರಿನ ಅಂಗಿ ತೊಟ್ಟವನಾದರೆ ಇನ್ನೂ ಒಳ್ಳೆಯದು. ಅವನಿಗೆ ಫ್ಲೈ-ಹಾಫ್ ಅನ್ನುತ್ತಾರೆ. ಚೆಂಡು ಹೆಚ್ಚುಕಮ್ಮಿ ಪ್ರತಿ ಸಲ ಅವನ ಕೈ ದಾಟಿಯೇ ಹೋಗಬೇಕು. ಓಡಬೇಕಾ, ಪಾಸ್ ಕೊಡಬೇಕಾ, ಒದೆಯಬೇಕಾ ಅನ್ನೋದನ್ನು ನೂರು ಕೆಜಿ ಆಳುಗಳು ಮೈಮೇಲೆ ಬೀಳುವ ಮೊದಲು ಅವನೇ ತೀರ್ಮಾನಿಸಬೇಕು.

ಹಾಗಾಗಿ ಮೂರು ಹೆಸರು ಮುಂದಿಡುತ್ತೇನೆ. ಇಂಗ್ಲೆಂಡಿನ ಜಾನಿ ವಿಲ್ಕಿನ್ಸನ್, ನ್ಯೂಜಿಲೆಂಡಿನ ಡ್ಯಾನ್ ಕಾರ್ಟರ್, ಐರ್ಲೆಂಡಿನ ರೋನನ್ ಓಗಾರ. ಮೂವರೂ ಒಂದೇ ಕಾಲದವರು, ಒಂದೇ ಜಾಗದಲ್ಲಿ ಆಡಿದವರು, ಮೂವರೂ ನಿವೃತ್ತರು. ಅಭಿಮಾನಿಗಳ ಬಾಯಲ್ಲಿ ಇವರು ವಿಲ್ಕೋ, ಡಿಸಿ, ರಾಗ್. (ಡಿಸಿ ಅಂದರೆ ನಮಗೆ ಜಿಲ್ಲಾಧಿಕಾರಿಯೇ ನೆನಪಾಗೋದು, ಏನು ಮಾಡೋದು.) ಮುಂದೆಲ್ಲ ಏಕವಚನದಲ್ಲೇ ಬರೆಯುತ್ತೇನೆ. ಅದು ಸಲುಗೆ, ಅಗೌರವ ಅಲ್ಲ.

ಅಂಕಪಟ್ಟಿ ನೋಡಿ ಆರಿಸಬೇಡಿ

ಎಲ್ಲರೂ ಮೊದಲು ಕೇಳೋದು ಇದನ್ನೇ, ಆದ್ದರಿಂದ ಬೇಗ ಮುಗಿಸಿಬಿಡೋಣ. ಕಾರ್ಟರ್: 112 ಟೆಸ್ಟ್ (ರಗ್ಬಿಯಲ್ಲಿ ಟೆಸ್ಟ್ ಅಂದರೆ ಅಂತರರಾಷ್ಟ್ರೀಯ ಪಂದ್ಯ), 1598 ಅಂಕ. ಅಂತರರಾಷ್ಟ್ರೀಯ ರಗ್ಬಿಯಲ್ಲಿ ಅವನಿಗಿಂತ ಜಾಸ್ತಿ ಅಂಕ ಗಳಿಸಿದವರಿಲ್ಲ. ವಿಲ್ಕಿನ್ಸನ್: ಇಂಗ್ಲೆಂಡಿಗೆ 91 ಮತ್ತು ಬ್ರಿಟಿಷ್ ಐರಿಷ್ ಲಯನ್ಸ್ (ಬ್ರಿಟನ್, ಐರ್ಲೆಂಡಿನ ನಾಲ್ಕು ದೇಶಗಳ ಆಟಗಾರರು ಕೂಡಿದ) ತಂಡಕ್ಕೆ 6, ಒಟ್ಟು 97 ಟೆಸ್ಟ್, 1246 ಅಂಕ. ಓಗಾರ: ಐರ್ಲೆಂಡಿಗೆ 128 ಟೆಸ್ಟ್, 1083 ಅಂಕ. ಸರಾಸರಿ ತೆಗೆದರೆ ಕಾರ್ಟರ್ ಟೆಸ್ಟಿಗೆ 14 ದಾಟುತ್ತಾನೆ, ವಿಲ್ಕಿನ್ಸನ್ 13ರ ಹತ್ತಿರ, ಓಗಾರ ಎಂಟೂವರೆ.

ಈ ಲೆಕ್ಕದ ಪ್ರಕಾರ ಕಾರ್ಟರ್ ಮೊದಲು, ಓಗಾರ ಕೊನೆಗೆ. ಇಲ್ಲೇ ಎಲ್ಲರೂ ಎಡವೋದು. ಗೆಲ್ಲುವ ತಂಡದ ಹತ್ತನೇ ನಂಬರಿನವನಿಗೆ ಅಂಕ ತಾನಾಗಿ ಬೀಳುತ್ತದೆ. ಟ್ರೈಗೆ (ಚೆಂಡನ್ನು ಎದುರಾಳಿಯ ಗೋಲು ಗೆರೆಯಾಚೆ ನೆಲಕ್ಕೆ ಒತ್ತೋದು) 5 ಅಂಕ, ಅದರ ಮೇಲೆ ಸಿಗುವ ಒದೆತ ಅಂದರೆ ಕನ್ವರ್ಷನ್‌ಗೆ 2, ಪೆನಾಲ್ಟಿ ಒದೆತಕ್ಕೆ 3, ಡ್ರಾಪ್ ಗೋಲಿಗೆ 3. ನ್ಯೂಜಿಲೆಂಡ್ ಒಂದು ಮಧ್ಯಾಹ್ನದಲ್ಲಿ ಆರೇಳು ಟ್ರೈ ಹೊಡೆದರೆ ಒದೆಯುವವನಿಗೆ ಸುಮ್ನೆ ನಿಂತಲ್ಲೇ ಹನ್ನೆರಡು ಹದಿನಾಲ್ಕು ಅಂಕ ಸಿಗುತ್ತದೆ.

ಆದರೂ ಈ ಲೆಕ್ಕದಲ್ಲಿ ಒಂದು ತಮಾಷೆ ಇದೆ. ವಿಶ್ವದಾಖಲೆ ವಿಲ್ಕಿನ್ಸನ್ ಕೈಯಲ್ಲಿತ್ತು. 2010ರ ನವೆಂಬರ್‌ನಲ್ಲಿ ಕಾರ್ಟರ್ ಅದನ್ನು ಕಿತ್ತುಕೊಂಡ. 2011ರ ಫೆಬ್ರವರಿಯಲ್ಲಿ ವಿಲ್ಕಿನ್ಸನ್ ವಾಪಸ್ ತೆಗೆದುಕೊಂಡ. ಜುಲೈನಲ್ಲಿ ಕಾರ್ಟರ್ ಮತ್ತೆ ಮುಂದೆ ಹೋದ. ಒಬ್ಬ ಭೂಮಿಯ ಈ ತುದಿ, ಇನ್ನೊಬ್ಬ ಆ ತುದಿ. ಪಕ್ಕದ ಮನೆಯವರ ಥರ ಒಂದೇ ಏಣಿಯನ್ನು ಕೇಳಿ ಕೇಳಿ ತಗೊಂಡು ಹೋದ ಹಾಗಿತ್ತು.

ಕತೆ ಬೇಕು ಅನ್ನುವವರಿಗೆ ವಿಲ್ಕಿನ್ಸನ್

ಶುರು, ಏಳು, ಬೀಳು, ಮತ್ತೆ ಏಳು ಅಂತ ಒಂದು ಪೂರಾ ಕತೆ ಬೇಕಿದ್ದರೆ ವಿಲ್ಕಿನ್ಸನ್‌ಗಿಂತ ಒಳ್ಳೆಯ ಆಯ್ಕೆ ಇಲ್ಲ.

1998ರಲ್ಲಿ 18ನೇ ವಯಸ್ಸಿಗೆ ಇಂಗ್ಲೆಂಡ್ ತಂಡಕ್ಕೆ ಬಂದ. ಹತ್ತನೇ ನಂಬರ್ ತೊಟ್ಟು ಮೊದಲ ಸಲ ಶುರುವಿನಿಂದ ಆಡಿದ್ದು ಅದೇ ವರ್ಷ ಬ್ರಿಸ್ಬೇನ್‌ನಲ್ಲಿ, ಆಸ್ಟ್ರೇಲಿಯಾ ಎದುರು. ಇಂಗ್ಲೆಂಡ್ ಸೋತಿದ್ದು 76-0ರಿಂದ. ಹುಡುಗನೊಬ್ಬನ ಆಟ ಅಲ್ಲೇ ಮುಗಿದಿದ್ದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಐದು ವರ್ಷ ಬಿಟ್ಟು, 2003ರ ನವೆಂಬರ್ 22. ಅದೇ ಆಸ್ಟ್ರೇಲಿಯಾ, ಅವರದೇ ನೆಲ ಸಿಡ್ನಿ, ವಿಶ್ವಕಪ್ ಫೈನಲ್. 80 ನಿಮಿಷಕ್ಕೆ 14-14. ಹೆಚ್ಚುವರಿ ಸಮಯದಲ್ಲಿ 17-17. ಎರಡು ಸಲವೂ ಕೊನೆ ಗಳಿಗೆಯಲ್ಲಿ ಸಮ ಮಾಡಿದವನು ಆಸ್ಟ್ರೇಲಿಯಾದ ಎಲ್ಟನ್ ಫ್ಲ್ಯಾಟ್ಲಿ. ಅವತ್ತು ವಿಲ್ಕಿನ್ಸನ್ ಆಗಲೇ ಮೂರು ಡ್ರಾಪ್ ಗೋಲು ತಪ್ಪಿಸಿದ್ದ. ಡ್ರಾಪ್ ಗೋಲು ಅಂದರೆ ಕೈಯಲ್ಲಿರುವ ಚೆಂಡನ್ನು ನೆಲಕ್ಕೆ ಬಿಟ್ಟು, ಅದು ತಾಗಿ ಏಳುವ ಕ್ಷಣಕ್ಕೆ ಒದ್ದು ಕಂಬಗಳ ನಡುವೆ ದಾಟಿಸೋದು. ಮೊಟ್ಟೆ ಆಕಾರದ ಚೆಂಡು ನೆಲದಿಂದ ಯಾವ ಕಡೆಗೆ ಏಳುತ್ತದೆ ಅಂತ ಹೇಳೋಕಾಗಲ್ಲ.

ಕೊನೆಯ ನಿಮಿಷವನ್ನು ನಿಧಾನವಾಗಿ ನೋಡಿ. ಲೈನ್‌ಔಟ್‌ನಲ್ಲಿ (ಹೊರಹೋದ ಚೆಂಡನ್ನು ಅಂಚಿನ ಗೆರೆಯಿಂದ ಒಳಗೆ ಎಸೆಯೋದು) ಚೆಂಡು ಲೂಯಿಸ್ ಮೂಡಿಯ ಕೈಗೆ ಬರುತ್ತದೆ. ಮೈಕ್ ಕ್ಯಾಟ್ ನುಗ್ಗುತ್ತಾನೆ. ಮ್ಯಾಟ್ ಡಾಸನ್ ಸಂದಿ ನೋಡಿ ಇಪ್ಪತ್ತು ಹೆಜ್ಜೆ ಓಡಿ ಬೀಳುತ್ತಾನೆ. ಈಗಲೇ ಒದೆಯಬಹುದು, ಆದರೆ ಪಾಸ್ ಕೊಡಬೇಕಾದ ಡಾಸನ್ ರಾಶಿಯ ಅಡಿಯಲ್ಲಿದ್ದಾನೆ. ಅವನು ಎದ್ದು ಬರಲಿ ಅಂತ ನಾಯಕ ಮಾರ್ಟಿನ್ ಜಾನ್ಸನ್ ಚೆಂಡು ಹಿಡಿದು ಎದುರಾಳಿಗಳ ಗೋಡೆಗೆ ಹೋಗಿ ಗುದ್ದುತ್ತಾನೆ. ಆ ಗುದ್ದು ಒಂದು ಗಜ ಜಾಗವನ್ನೂ ಕೊಡಲ್ಲ, ಎರಡು ಮೂರು ಸೆಕೆಂಡು ಕೊಡುತ್ತದೆ. ಡಾಸನ್ ಎದ್ದ, ಪಾಸ್ ಬಂತು. ವಿಲ್ಕಿನ್ಸನ್ ಎಡಗಾಲಿನವನು, ಆದರೆ ನಿಂತ ಜಾಗಕ್ಕೆ ಬಲಗಾಲೇ ಸರಿ. ಬಲಗಾಲಲ್ಲಿ ಒದ್ದ. 26 ಸೆಕೆಂಡು ಬಾಕಿ. 20-17.

ನಾನು ಈ ತುಣುಕನ್ನು ಎಷ್ಟೋ ಸಲ ಬರೀ ಒದೆತಕ್ಕಾಗಿ ನೋಡಿದ್ದೆ. ಜಾನ್ಸನ್ ಆ ಗುದ್ದು ಯಾಕೆ ಗುದ್ದಿದ ಅಂತ ಹೊಳೆದ ದಿನ ನನಗೆ ರಗ್ಬಿ ಮೊದಲ ಸಲ ಅರ್ಥವಾಯಿತು.

ಇಷ್ಟೇ ಆಗಿದ್ದರೆ ಹೈಲೈಟ್ಸ್ ಸಾಕಿತ್ತು. ಕತೆಯ ಗಟ್ಟಿ ಭಾಗ ಇರೋದು ಆಮೇಲೆ. ಆ ಫೈನಲ್ ನಂತರ ಕುತ್ತಿಗೆ, ಭುಜ, ಮೊಣಕಾಲು ಅಂತ ಗಾಯದ ಮೇಲೆ ಗಾಯ. ಹತ್ತನೇ ನಂಬರಿನವರು ಸಾಮಾನ್ಯವಾಗಿ ಮೈ ಉಳಿಸಿಕೊಂಡು ಆಡುತ್ತಾರೆ. ಇವನು ತನಗಿಂತ ಎಷ್ಟೋ ದೊಡ್ಡವರಿಗೆ ಎದೆಕೊಟ್ಟು ಟ್ಯಾಕಲ್ ಮಾಡುತ್ತಿದ್ದ, ಅದರ ಬಾಕಿ ಒಟ್ಟಿಗೆ ವಸೂಲಾಯಿತು. ನಡುವೆ ನಾಯಕ ಅಂತ ಹೆಸರಿಸಿದರೂ ಆಡೋಕಾಗಲಿಲ್ಲ. ಮತ್ತೆ ಇಂಗ್ಲೆಂಡ್ ಪರ ಟೆಸ್ಟ್ ಆಡಿದ್ದು 2007ರ ಫೆಬ್ರವರಿಯಲ್ಲಿ, ಸ್ಕಾಟ್ಲೆಂಡ್ ಎದುರು. ಮೂರು ವರ್ಷಕ್ಕೂ ಜಾಸ್ತಿ ಅಂತರ. ಆ ದಿನ 27 ಅಂಕ ಹೊಡೆದ. ವರ್ಷದ ಕೊನೆಗೆ ಮತ್ತೆ ವಿಶ್ವಕಪ್ ಫೈನಲ್‌ನಲ್ಲಿದ್ದ. ಈ ಸಲ ದಕ್ಷಿಣ ಆಫ್ರಿಕಾ 15-6ರಿಂದ ಗೆದ್ದಿತು.

2009ರಲ್ಲಿ ತನ್ನ ಕ್ಲಬ್ ನ್ಯೂಕ್ಯಾಸಲ್ ಬಿಟ್ಟು ಫ್ರಾನ್ಸಿನ ತುಲೋನ್‌ಗೆ ಹೋದ. ಕೊನೆಗಾಲದ ದುಡ್ಡಿಗೆ ಹೋದ ಅಂತ ಅಂದುಕೊಳ್ಳಬಹುದು. ಆದರೆ ಅಲ್ಲಿ ಸಿಕ್ಕಿದ್ದು 2013 ಮತ್ತು 2014ರ ಹೈನಕನ್ ಕಪ್, ಅಂದರೆ ಯೂರೋಪಿನ ಕ್ಲಬ್ ಕಿರೀಟ. 2014ರ ಮೇ 31ರಂದು ಫ್ರೆಂಚ್ ಲೀಗ್ ಫೈನಲ್ ಕೂಡ ಗೆದ್ದು, ಅದೇ ಕೊನೆಯ ಪಂದ್ಯ ಅಂತ ಬೂಟು ಬಿಚ್ಚಿದ.

ಒಂದು ಎಚ್ಚರಿಕೆ. ವಿಲ್ಕಿನ್ಸನ್ ಹಿಂದೆ ಬಿದ್ದರೆ ಅವನ ಮನಸ್ಸಿನ ಹಿಂದೆಯೂ ಹೋಗಬೇಕಾಗುತ್ತದೆ. ಸತತ ಆರು ಒದೆತ ಸರಿಯಾಗಿ ಹೋಗುವ ತನಕ ಅಭ್ಯಾಸ ನಿಲ್ಲಿಸುತ್ತಿರಲಿಲ್ಲ. ಐದು ಹೋಗಿ ಆರನೆಯದು ತಪ್ಪಿದರೆ ಮತ್ತೆ ಒಂದರಿಂದ. ಕಂಬದ ಹಿಂದಿನ ಗ್ಯಾಲರಿಯಲ್ಲಿ ಡೋರಿಸ್ ಅಂತ ಒಬ್ಬ ಹೆಂಗಸು ಕೂತಿದ್ದಾಳೆ ಅಂತ ಊಹಿಸಿಕೊಂಡು ಅವಳಿಗೇ ಗುರಿ ಇಡುತ್ತಿದ್ದ. ಆತಂಕ, ಖಿನ್ನತೆ ಬಗ್ಗೆ ಆಮೇಲೆ ಅವನೇ ಬಾಯಿಬಿಟ್ಟು ಮಾತಾಡಿದ್ದಾನೆ. ಸಂತೋಷಕ್ಕೆ ಆಟ ನೋಡುವವರಿಗೆ ಇದು ಸ್ವಲ್ಪ ಭಾರ ಅನ್ನಿಸಬಹುದು.

ಆಟ ಬೇಕು ಅನ್ನುವವರಿಗೆ ಕಾರ್ಟರ್

ಇಲ್ಲಿ ಭಾರ ಇಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ಬಯಲಿನಲ್ಲಿ ಸೌತ್‌ಬ್ರಿಡ್ಜ್ ಅಂತ ಪುಟ್ಟ ಊರು. ಎಂಟನೇ ಹುಟ್ಟುಹಬ್ಬಕ್ಕೆ ಅಪ್ಪ ಮನೆ ಪಕ್ಕದ ಜಾಗದಲ್ಲಿ ನಿಜವಾದ ಗೋಲು ಕಂಬ ನೆಟ್ಟುಕೊಟ್ಟರು. ಹುಡುಗ ಅಲ್ಲೇ ಒದೆಯುತ್ತಾ ಬೆಳೆದ. ಕಾರ್ಟರ್ ಆಟ ನೋಡುವಾಗ ಆ ಹಿತ್ತಲು ಕಾಣಿಸುತ್ತದೆ. ಅವಸರವೇ ಇಲ್ಲ. ಎಲ್ಲರಿಗಿಂತ ಅರ್ಧ ಸೆಕೆಂಡು ಜಾಸ್ತಿ ಸಮಯ ಇವನ ಹತ್ತಿರ ಇದೆಯೇನೋ ಅನ್ನಿಸುತ್ತದೆ.

ಒಂದೇ ಮ್ಯಾಚ್ ನೋಡಿ ಸಾಕು ಅಂದರೆ 2005ರ ಜುಲೈ 2, ವೆಲ್ಲಿಂಗ್ಟನ್, ಲಯನ್ಸ್ ಎದುರಿನ ಎರಡನೇ ಟೆಸ್ಟ್. ನ್ಯೂಜಿಲೆಂಡ್ 48-18. ಅದರಲ್ಲಿ ಕಾರ್ಟರ್‌ನದ್ದೇ 33: ಎರಡು ಟ್ರೈ, ನಾಲ್ಕು ಕನ್ವರ್ಷನ್, ಐದು ಪೆನಾಲ್ಟಿ. ಒಂದು ಸಲ ಗೋಡೆ ಒಡೆದು ಓಡಿ ನಾಯಕ ಟಾನಾ ಉಮಾಗಾಗೆ ಟ್ರೈ ಮಾಡಿಸುತ್ತಾನೆ. ಇನ್ನೊಂದು ಸಲ ಎಡ ಅಂಚಿನಲ್ಲಿ ಚೆಂಡನ್ನು ಮುಂದಕ್ಕೆ ಒದ್ದು, ತಾನೇ ಬೆನ್ನಟ್ಟಿ ಹಿಡಿದು ಟ್ರೈ ಇಡುತ್ತಾನೆ. ಎದುರು ತಂಡದ ಹತ್ತನೇ ನಂಬರ್ ಯಾರು ಅಂದುಕೊಂಡಿರಿ? ವಿಲ್ಕಿನ್ಸನ್. ಎರಡನೇ ಅರ್ಧದಲ್ಲಿ ಅವನು ಗಾಯಗೊಂಡು ಹೊರಗೆ ಹೋದ. ಇಬ್ಬರನ್ನು ಪಕ್ಕಪಕ್ಕ ಇಟ್ಟು ತೂಗಬೇಕು ಅನ್ನುವವರಿಗೆ ಈ ಪಂದ್ಯವೇ ತಕ್ಕಡಿ. ಆದರೆ ತಕ್ಕಡಿ ಸರಿ ಇಲ್ಲ ಅಂತ ನಾನು ಹೇಳುತ್ತೇನೆ. ಅವತ್ತು ಒಬ್ಬನ ಜೊತೆ ಗೆಲ್ಲುವ ಹದಿನಾಲ್ಕು ಜನ ಇದ್ದರು. ಇನ್ನೊಬ್ಬನ ಜೊತೆ ನಾಲ್ಕು ದೇಶದಿಂದ ಕೂಡಿಸಿ ತಂದ, ಒಬ್ಬರಿಗೊಬ್ಬರು ಇನ್ನೂ ಹೊಂದದ ತಂಡ ಇತ್ತು.

ಕಾರ್ಟರ್‌ಗೂ ಕಷ್ಟ ಬರಲಿಲ್ಲ ಅಂತಲ್ಲ. 2011ರ ವಿಶ್ವಕಪ್ ಸ್ವಂತ ನೆಲದಲ್ಲಿ. ಕೆನಡಾ ಪಂದ್ಯಕ್ಕೆ ಇವನೇ ನಾಯಕ. ಹಿಂದಿನ ದಿನ ಮಾಮೂಲಿ ಒದೆತದ ಅಭ್ಯಾಸದಲ್ಲಿ ತೊಡೆಸಂದಿಯ ಸ್ನಾಯುರಜ್ಜು ಹರಿದು ಕೆಳಗೆ ಬಿದ್ದ. ಟೂರ್ನಿ ಅಲ್ಲಿಗೆ ಮುಗಿಯಿತು. ಆಮೇಲೆ ಬದಲಿ ಕಾಲಿನ್ ಸ್ಲೇಡ್‌ಗೆ ಗಾಯ. ಅವನ ಬದಲಿ ಏರನ್ ಕ್ರೂಡನ್‌ಗೆ ಫೈನಲ್‌ನಲ್ಲೇ ಗಾಯ. ನಾಲ್ಕನೆಯವನು ಸ್ಟೀಫನ್ ಡೊನಾಲ್ಡ್, ಕರೆ ಬರುವ ಹೊತ್ತಿಗೆ ವೈಕಾಟೊ ನದಿಯಲ್ಲಿ ಮೀನು ಹಿಡಿಯುತ್ತಿದ್ದ. ಅವನ ಪೆನಾಲ್ಟಿಯಿಂದ ನ್ಯೂಜಿಲೆಂಡ್ ಫ್ರಾನ್ಸನ್ನು 8-7ರಲ್ಲಿ ಸೋಲಿಸಿತು. ಜಗತ್ತಿನ ಅತ್ಯುತ್ತಮ ಆಟಗಾರ ಹೊರಗೆ ಕೂತು ಅದನ್ನು ನೋಡಿದ.

ನಾಲ್ಕು ವರ್ಷ ಕಾದ. ಮತ್ತೆ ವಿಶ್ವಕಪ್ ಫೈನಲ್. 2015ರ ಅಕ್ಟೋಬರ್ 31, ಲಂಡನ್‌ನ ಟ್ವಿಕೆನ್‌ಹ್ಯಾಮ್. ಆಸ್ಟ್ರೇಲಿಯಾ ನಾಲ್ಕು ಅಂಕದಷ್ಟು ಹತ್ತಿರ ಬಂದಾಗ ದೂರದಿಂದ ಒಂದು ಡ್ರಾಪ್ ಗೋಲು ಹೊಡೆದು ಅವರ ಉಸಿರು ತೆಗೆದ. ಕೊನೆಗೆ 34-17, ಇವನದ್ದು 19. ಪಂದ್ಯದ ಕೊನೆಯ ಒದೆತವನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಕಾರ್ಟರ್ ಕೂಡ ಎಡಗಾಲಿನವನು. ಕೊನೆಯ ಕನ್ವರ್ಷನ್‌ಗೆ ಬಲಗಾಲಲ್ಲಿ ಒದ್ದ, ಬಹಳ ದಿನದ ಆಸೆಯಂತೆ. ಅದೂ ಹೋಯಿತು. ಎಡಗಾಲಿನ ಇಬ್ಬರು, ಎರಡು ವಿಶ್ವಕಪ್ ಫೈನಲ್, ಎರಡರಲ್ಲೂ ಕೊನೆ ಮಾತು ಬಲಗಾಲಿನದು. ಒಬ್ಬನಿಗೆ ಬೇರೆ ದಾರಿ ಇರಲಿಲ್ಲ. ಇನ್ನೊಬ್ಬನಿಗೆ ಅದು ಆಟ. ಇಬ್ಬರ ವೃತ್ತಿಯ ವ್ಯತ್ಯಾಸವೂ ಹೆಚ್ಚುಕಮ್ಮಿ ಇಷ್ಟೇ ಅಂತ ನನಗನ್ನಿಸುತ್ತದೆ.

ಆಮೇಲೆ ಪ್ಯಾರಿಸ್‌ನ ರೇಸಿಂಗ್ 92, ಜಪಾನಿನ ಕೋಬೆ, ಎರಡೂ ಕಡೆ ಲೀಗ್ ಕಿರೀಟ. 2021ರಲ್ಲಿ ನಿವೃತ್ತಿ. ಮರುವರ್ಷ ಯುನಿಸೆಫ್‌ಗೆ ದುಡ್ಡು ಕೂಡಿಸಲು ಆಕ್ಲೆಂಡ್‌ನ ಈಡನ್ ಪಾರ್ಕ್‌ನಲ್ಲಿ 24 ಗಂಟೆ ನಿಲ್ಲದೆ ಒದ್ದು 1598 ಗೋಲು ಮಾಡಿದ, ಟೆಸ್ಟ್ ಅಂಕಗಳ ಲೆಕ್ಕಕ್ಕೆ ಸರಿಯಾಗಿ.

ತಪ್ಪುಗಳೂ ಬೇಕು ಅನ್ನುವವರಿಗೆ ಓಗಾರ

ಈಗ ನನ್ನ ಪಕ್ಷಪಾತ ಶುರು.

ಓಗಾರ ನೋಡೋಕೆ ಆಟಗಾರನ ಹಾಗಿರಲಿಲ್ಲ. ತೆಳ್ಳಗೆ, ಓಟ ಸಾಧಾರಣ, ಟ್ಯಾಕಲ್ ಅಂತೂ ಎದುರಾಳಿಗಳೇ ಹುಡುಕಿಕೊಂಡು ಬರುವಷ್ಟು ದುರ್ಬಲ. ದಪ್ಪ ಆಳುಗಳನ್ನು ಬೇಕಂತಲೇ ಇವನ ಕಡೆ ಓಡಿಸುತ್ತಿದ್ದರು. ಕೈಲಿದ್ದ ಬಂಡವಾಳ ಎರಡೇ: ಬಲಗಾಲು ಮತ್ತು ಮುಖಕ್ಕೆ ಮುಖ ಕೊಟ್ಟು ನಿಲ್ಲುವ ಹಟ.

2009ರ ಮಾರ್ಚ್ 21, ಕಾರ್ಡಿಫ್. 1948ರ ನಂತರ ಐರ್ಲೆಂಡ್ ಗ್ರ್ಯಾಂಡ್ ಸ್ಲ್ಯಾಮ್ ಗೆದ್ದಿಲ್ಲ, ಅಂದರೆ ಯೂರೋಪಿನ ದೇಶಗಳ ವಾರ್ಷಿಕ ಟೂರ್ನಿ ಸಿಕ್ಸ್ ನೇಷನ್ಸ್‌ನಲ್ಲಿ ಎಲ್ಲ ತಂಡಗಳನ್ನೂ ಒಂದೇ ವರ್ಷ ಸೋಲಿಸಿಲ್ಲ. ಕೊನೆ ನಿಮಿಷಗಳಲ್ಲಿ ವೇಲ್ಸ್‌ನ ಸ್ಟೀಫನ್ ಜೋನ್ಸ್ ಡ್ರಾಪ್ ಗೋಲು ಹೊಡೆದು 15-14 ಮಾಡಿದ. ಅರವತ್ತೊಂದು ವರ್ಷ ಕಾದಿದ್ದು ಮತ್ತೆ ಹೋಯಿತು ಅನ್ನುವಾಗ ಐರ್ಲೆಂಡ್ ಮುಂದಕ್ಕೆ ತಳ್ಳಿತು. ಪೀಟರ್ ಸ್ಟ್ರಿಂಗರ್ ಪಾಸ್ ಎಸೆದ. ಇವರಿಬ್ಬರೂ ಕಾರ್ಕ್ ಊರಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರು. ಓಗಾರ ಒದ್ದ, 17-15. ಮುಗಿಯಲಿಲ್ಲ. ಕಟ್ಟಕಡೆಗೆ ವೇಲ್ಸ್‌ಗೆ ದೂರದ ಪೆನಾಲ್ಟಿ ಸಿಕ್ಕಿತು. ಜೋನ್ಸ್ ಒದ್ದ ಚೆಂಡು ಅಡ್ಡಪಟ್ಟಿಗೆ ಸ್ವಲ್ಪ ಕಡಿಮೆಯಾಗಿ ಕೆಳಗೆ ಬಿತ್ತು.

ಈಗ ಮೂರು ತಿಂಗಳು ಮುಂದೆ ಬನ್ನಿ. ಜೂನ್ 27, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾ, ಲಯನ್ಸ್‌ನ ಎರಡನೇ ಟೆಸ್ಟ್. ಬದಲಿಯಾಗಿ ಇಳಿದ ಓಗಾರ ಮೊದಲು ಒಂದು ಟ್ಯಾಕಲ್ ತಪ್ಪಿಸಿದ, ಅದು ಟ್ರೈ ಆಯಿತು. ಆದರೂ 25-25. ಸಮಯ ಮುಗಿಯುತ್ತಿದೆ. ಚೆಂಡನ್ನು ಮೈದಾನದಾಚೆ ಒದ್ದರೆ ಡ್ರಾ. ಅವನು ಗೆಲ್ಲೋಕೆ ಹೋದ. ಎತ್ತರಕ್ಕೆ ಒದ್ದು ಬೆನ್ನಟ್ಟಿ ಓಡಿದ, ಗಾಳಿಯಲ್ಲಿದ್ದ ಫೂರಿ ಡು ಪ್ರೇಗೆ ಡಿಕ್ಕಿ ಹೊಡೆದ. ಪೆನಾಲ್ಟಿ. ಮೋರ್ನೆ ಸ್ಟೇನ್ ತನ್ನದೇ ಅರ್ಧದಿಂದ ಒದ್ದು ಗೆಲ್ಲಿಸಿದ, 28-25. ಸರಣಿ ಹೋಯಿತು.

ಒಂದೇ ವರ್ಷ, ಒಂದೇ ಮನುಷ್ಯ, ಒಂದೇ ಸ್ವಭಾವ. ಕಾರ್ಡಿಫ್‌ನಲ್ಲಿ ಗೆಲ್ಲಿಸಿದ ಧೈರ್ಯವೇ ಪ್ರಿಟೋರಿಯಾದಲ್ಲಿ ಸೋಲಿಸಿತು. ಕಾರ್ಟರ್ ಆಟದಲ್ಲಿ ಇದು ಕಾಣಿಸಲ್ಲ, ಅವನ ತೀರ್ಮಾನಗಳು ಅಷ್ಟು ಸಲೀಸು. ಓಗಾರ ತೀರ್ಮಾನ ಮಾಡುವುದು ಕಣ್ಣಿಗೆ ಕಾಣಿಸುತ್ತದೆ. ಹೊಸಬರಿಗೆ ಕಲಿಯೋಕೆ ಅದಕ್ಕಿಂತ ಏನು ಬೇಕು?

ಕ್ಲಬ್ ಮನ್ಸ್ಟರ್. 2006, 2008ರಲ್ಲಿ ಹೈನಕನ್ ಕಪ್. ಆದರೆ ನಾನು ತೋರಿಸೋದು 2011ರ ನವೆಂಬರ್‌ನ ಲಿಮರಿಕ್ ಪಂದ್ಯ, ನಾರ್ಥ್ಯಾಂಪ್ಟನ್ ಎದುರು. ಒಂದು ಅಂಕ ಹಿಂದೆ, ಗಡಿಯಾರ 80 ದಾಟಿದೆ, ಚೆಂಡು ಕೈತಪ್ಪಿದರೆ ಕತೆ ಮುಗೀತು. ಮನ್ಸ್ಟರ್ 41 ಫೇಸ್ ಚೆಂಡು ಉಳಿಸಿಕೊಂಡಿತು. ಅಂದರೆ ನುಗ್ಗು, ಬೀಳು, ಚೆಂಡು ಹಿಂದಕ್ಕೆ ಕೊಡು, ಮತ್ತೆ ನುಗ್ಗು, ಹೀಗೆ ನಲವತ್ತೊಂದು ಸಲ. ಓಗಾರ ಹಿಂದೆ ನಿಂತು ಜಾಗ ಬದಲಿಸುತ್ತಲೇ ಇದ್ದ. ಕೊನೆಗೆ ಚೆಂಡು ಬಂತು, ಡ್ರಾಪ್ ಗೋಲು, 23-21.

ನಿವೃತ್ತಿ 2013ರಲ್ಲಿ. ಇಲ್ಲಿಂದ ಮುಂದೆ ಉಳಿದಿಬ್ಬರಿಗಿಂತ ಇವನೇ ಬಹಳ ಮುಂದೆ. ನೇರ ರೇಸಿಂಗ್ 92ಕ್ಕೆ ಕೋಚ್ ಆಗಿ ಹೋದ, ಎರಡು ವರ್ಷದಲ್ಲಿ ಕಾರ್ಟರ್ ಅದೇ ತಂಡಕ್ಕೆ ಆಟಗಾರನಾಗಿ ಬಂದ. ಆಮೇಲೆ ನ್ಯೂಜಿಲೆಂಡಿಗೆ ಹೋಗಿ ಕಾರ್ಟರ್‌ನ ಹಳೇ ತಂಡ ಕ್ರುಸೇಡರ್ಸ್‌ನಲ್ಲಿ ಸಹಾಯಕ. ಉತ್ತರ ಗೋಳಾರ್ಧದ ಹೆಸರಾಂತ ಆಟಗಾರನೊಬ್ಬ ದಕ್ಷಿಣ ಗೋಳಾರ್ಧಕ್ಕೆ ಹೋಗಿ ಸಹಾಯಕನಾಗಿ ಕೂರೋದು ಅಪರೂಪ. ಅಲ್ಲಿಂದ ಫ್ರಾನ್ಸಿನ ಲಾ ರೋಶೆಲ್. 2022ರಲ್ಲಿ ಆ ಕ್ಲಬ್‌ಗೆ ಮೊದಲ ಯೂರೋಪಿಯನ್ ಕಿರೀಟ. 2023ರಲ್ಲಿ ಡಬ್ಲಿನ್‌ನಲ್ಲೇ ಲೆನ್ಸ್ಟರ್ ಎದುರು ಶುರುವಿನಲ್ಲೇ 17-0 ಹಿಂದೆ ಬಿದ್ದು, ಕೊನೆಗೆ 27-26. ಲೆನ್ಸ್ಟರ್ ಅಂದರೆ ಮನ್ಸ್ಟರ್‌ನವರಿಗೆ ಹುಟ್ಟಾ ಎದುರಾಳಿ. ಆ ಗೆಲುವು ಓಗಾರನಿಗೆ ಎಷ್ಟು ಸಿಹಿ ಇದ್ದಿರಬಹುದು, ಅಲ್ವಾ?

ಹಾಗಾದರೆ ಯಾರು?

ಮನೆಯಲ್ಲಿ ಮಕ್ಕಳ ಜೊತೆ ಕೂತು ನೋಡುವುದಾದರೆ ಕಾರ್ಟರ್. ಬೇರೆ ಯೋಚನೆಯೇ ಬೇಡ. ನಿಯಮ ಗೊತ್ತಿಲ್ಲದಿದ್ದರೂ ಚೆಂದ ಕಾಣುತ್ತದೆ. ಯಾವುದೋ ಆಟ ಆಡಿ ಗಾಯ ಮಾಡಿಕೊಂಡು ಮೂಲೆಯಲ್ಲಿ ಕೂತವರು ನೀವಾದರೆ ವಿಲ್ಕಿನ್ಸನ್. ಆದರೆ 2003 ನೋಡಿ ನಿಲ್ಲಿಸಬೇಡಿ, ತುಲೋನ್ ತನಕ ಹೋಗಿ. ಆಟ ಅರ್ಥ ಮಾಡಿಕೊಳ್ಳಬೇಕು, ಕೋಚಿಂಗ್ ಆಸೆ ಇದೆ, ಅಥವಾ ಸೋಲುವವರ ಮೇಲೂ ಪ್ರೀತಿ ಇದೆ ಅಂದರೆ ಓಗಾರ.

ಕ್ರಮ ಕೇಳಿದರೆ ನನ್ನದು ಹೀಗೆ: ಮೊದಲು ಕಾರ್ಡಿಫ್ 2009ರ ಕೊನೆಯ ಹತ್ತು ನಿಮಿಷ, ಅದೇ ರಾತ್ರಿ ಪ್ರಿಟೋರಿಯಾ. ಆಮೇಲೆ ಬಿಡುವಿನ ಭಾನುವಾರ ಸಿಡ್ನಿ 2003 ಪೂರ್ತಿ, ಹೆಚ್ಚುವರಿ ಸಮಯ ಸೇರಿ ನೂರು ನಿಮಿಷ. ವೆಲ್ಲಿಂಗ್ಟನ್ 2005, ಟ್ವಿಕೆನ್‌ಹ್ಯಾಮ್ 2015 ಮುಂದಿನ ವಾರಕ್ಕೆ.

ಇವೆಲ್ಲ ಮುಗಿದ ಮೇಲೆ ಇನ್ನೊಂದು ಹಳೆಯದನ್ನು ಹುಡುಕಿ. 2000ದ ಮೇ ತಿಂಗಳ ಹೈನಕನ್ ಕಪ್ ಫೈನಲ್, ಅದೂ ಟ್ವಿಕೆನ್‌ಹ್ಯಾಮ್‌ನಲ್ಲೇ. ಮನ್ಸ್ಟರ್ 8, ನಾರ್ಥ್ಯಾಂಪ್ಟನ್ 9. ಕೊನೆಗೆ ಪೆನಾಲ್ಟಿ ಒದೆಯಲು ನಿಂತವನು 23 ವರ್ಷದ ಓಗಾರ. ಚೆಂಡು ಕಂಬದ ಹೊರಗಿಂದ ಹೋಯಿತು. ಲಿಮರಿಕ್‌ನಲ್ಲಿ ಆ ನಲವತ್ತೊಂದು ಫೇಸ್ ಮುಗಿಸಿ ಒದ್ದಾಗ ಎದುರಿಗಿದ್ದದ್ದು ಇದೇ ನಾರ್ಥ್ಯಾಂಪ್ಟನ್.